ತಾತನ ಜಗಲಿ: ಸುಳ್ಳು ಕುಸ್ತಿ, ನಿಜವಾದ ಪೈಲ್ವಾನ

ಮಕ್ಕಳೇ, ಓದಿ ಹೇಳುವ ಅಜ್ಜ-ಅಜ್ಜಿಯರಿಗೆ ಕನ್ನಡಕ ಸಿಕ್ಕಿತೇ? ಹಾಗಾದರೆ ಶುರು ಮಾಡೋಣ.

ಕೆಲವು ವಾರಗಳ ಹಿಂದೆ ಒಂದು ಭಾನುವಾರ ನಮ್ಮ ಮನೆಯಲ್ಲಿ ದೊಡ್ಡ ಯುದ್ಧವೇ ನಡೆಯಿತು. ನಾನು ಜಗಲಿಯಲ್ಲಿ ಪೇಪರ್ ಓದುತ್ತಾ ಕೂತಿದ್ದೆ. ಒಳಗಿನಿಂದ 'ಧಡ್' ಎಂದು ಸದ್ದು ಬಂತು. ಓಡಿ ಹೋಗಿ ನೋಡಿದರೆ ಮೊಮ್ಮಗ ಮಂಚದ ಮೇಲೆ ನಿಂತಿದ್ದಾನೆ. ಕೆಳಗೆ ಹಾಸಿಗೆಯ ಮೇಲೆ ಅವನ ಚಿಕ್ಕಪ್ಪನ ಮಗ, ಆರು ವರ್ಷದ ಪೋರ, ಅಂಗಾತ ಬಿದ್ದಿದ್ದಾನೆ. ಮೊಮ್ಮಗ ಅಂಗೈಯನ್ನು ಮುಖದ ಮುಂದೆ ಆಡಿಸುತ್ತಾ ಇಂಗ್ಲಿಷಿನಲ್ಲಿ ಏನೋ ಕೂಗುತ್ತಿದ್ದಾನೆ.

"ಏನೋ ಇದು?"

"ನಾನು ಜಾನ್ ಸೀನಾ, ತಾತ!"

ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಬಂದ ನಮ್ಮ ಮನೆಯವಳು, "ಯಾವ ಸೀನನೋ? ಹಾಲು ಹಾಕೋ ಸೀನನಾ?" ಎಂದಳು. ನಮ್ಮ ಕಡೆ ಶ್ರೀನಿವಾಸ ಎಂದು ಎಷ್ಟು ಚೆನ್ನಾಗಿ ಹೆಸರಿಟ್ಟರೂ ಕೊನೆಗೆ ಅವನು ಸೀನನೇ ಆಗುತ್ತಾನೆ, ನೋಡಿ. ಮೊಮ್ಮಗ ನಕ್ಕೂ ನಕ್ಕೂ ಮಂಚದ ಮೇಲೇ ಕುಸಿದ. ಬಿದ್ದವನೂ ಎದ್ದು ನಕ್ಕ. ಏಟಾಗಿಲ್ಲ ಎಂದು ಗೊತ್ತಾದ ಮೇಲೆ ನನಗೆ ಕೋಪ ಬಂತು.

"ಅದೆಲ್ಲ ಸುಳ್ಳು ಕುಸ್ತಿ ಕಣೋ. ಯಾರು ಗೆಲ್ಲಬೇಕು ಅಂತ ಮೊದಲೇ ಬರೆದಿಟ್ಟಿರ್ತಾರೆ. ಕುಸ್ತಿ ಅಂದ್ರೆ ಗರಡಿಮನೇದು. ಕೆಮ್ಮಣ್ಣಿನ ಅಖಾಡದಲ್ಲಿ ಬೆನ್ನು ಮಣ್ಣಿಗೆ ತಾಗಿದ್ರೆ ಸೋತ, ಅಷ್ಟೇ. ದಸರಾದಲ್ಲಿ ಮೈಸೂರಿಗೆ ಕರ್ಕೊಂಡು ಹೋಗ್ತೀನಿ, ನಿಜವಾದ ಪೈಲ್ವಾನರನ್ನ ನೋಡುವಿಯಂತೆ" ಎಂದೆ.

ಅವನ ಮುಖ ಚಿಕ್ಕದಾಯಿತು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ತಾತ, ಅವನು 650 ಕಾಯಿಲೆ ಮಕ್ಕಳನ್ನ ನೋಡೋಕೆ ಹೋಗಿದ್ದೂ ಸುಳ್ಳಾ?" ಎಂದ.

ನನಗೆ ಉತ್ತರ ಗೊತ್ತಿರಲಿಲ್ಲ. ದೊಡ್ಡವರು ಗೊತ್ತಿಲ್ಲದಾಗ ಗದರಿಸಿ ಬಾಯಿ ಮುಚ್ಚಿಸುವುದುಂಟು. ನಾನು ಹಾಗೆ ಮಾಡಲಿಲ್ಲ, "ಹುಡುಕಿ ಹೇಳ್ತೀನಿ" ಎಂದೆ. ಆಮೇಲೆ ಒಂದು ವಾರ ಕೂತು ಓದಿದೆ. ಓದಿದ್ದನ್ನು ನಿಮಗೂ ಹೇಳುತ್ತೇನೆ.

ಮೊದಲು ನನ್ನ ಮಾತಿನಲ್ಲಿ ನಿಜವೆಷ್ಟು ಎಂದು ನೋಡೋಣ. ಟಿ.ವಿ.ಯಲ್ಲಿ ಬರುವ ಡಬ್ಲ್ಯುಡಬ್ಲ್ಯುಇ ಕುಸ್ತಿಯಲ್ಲಿ ಯಾರು ಗೆಲ್ಲಬೇಕು ಎಂಬುದು ಮೊದಲೇ ತೀರ್ಮಾನವಾಗಿರುವುದು ಹೌದು. 1989ರಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಶಾಸನಸಭೆಯ ಮುಂದೆ ಆ ಕಂಪನಿಯೇ 'ನಮ್ಮದು ಸ್ಪರ್ಧೆಯಲ್ಲ, ಮನರಂಜನೆ' ಎಂದು ಒಪ್ಪಿಕೊಂಡಿತು. ಯಾಕೆ ಗೊತ್ತೇ? ಕ್ರೀಡೆ ಎಂದರೆ ಸರ್ಕಾರದ ಕ್ರೀಡಾ ಆಯೋಗದ ನಿಯಮ, ತೆರಿಗೆ ಎಲ್ಲ ಬರುತ್ತಿದ್ದವು. ಮನರಂಜನೆ ಎಂದರೆ ಆ ತಾಪತ್ರಯ ಕಡಿಮೆ. ಸತ್ಯ ಹೇಳಿದರೆ ದುಡ್ಡು ಉಳಿಯುತ್ತದೆ ಎಂದಾಗ ಸತ್ಯ ಹೊರಬಂತು!

ಆದರೆ ಇನ್ನೊಂದು ಮಾತೂ ಇದೆ. ಯಕ್ಷಗಾನದಲ್ಲಿ ಕೀಚಕವಧೆ ಆಡುತ್ತಾರೆ. ಭೀಮ ಗೆಲ್ಲುತ್ತಾನೆ ಎಂದು ಚೆಂಡೆ ಬಾರಿಸುವವನಿಂದ ಹಿಡಿದು ಕಡಲೆಕಾಯಿ ಮಾರುವವನವರೆಗೆ ಎಲ್ಲರಿಗೂ ಗೊತ್ತು. ಆದರೂ ಬೆಳಗಿನವರೆಗೆ ಕೂತು ನೋಡುತ್ತೇವೆ. ಕಥೆ ಮೊದಲೇ ಗೊತ್ತಿದ್ದರೂ ವೇಷಧಾರಿಯ ಬೆವರು ನಿಜ, ಮಂಡಿ ನೋವು ನಿಜ. ಇಲ್ಲೂ ಹಾಗೆಯೇ. ಆ ರಿಂಗಿನ ನೆಲ ಎಂದರೆ ಕಬ್ಬಿಣದ ತೊಲೆಗಳ ಮೇಲೆ ಜೋಡಿಸಿದ ಹಲಗೆ, ಅದರ ಮೇಲೆ ತೆಳ್ಳಗಿನ ಸ್ಪಂಜು, ಮೇಲೊಂದು ಬಟ್ಟೆ. ಅದರ ಮೇಲೆ ಬೀಳುವುದನ್ನೇ ತಿಂಗಳುಗಟ್ಟಲೆ ಕಲಿಯುತ್ತಾರೆ. ಗದ್ದವನ್ನು ಎದೆಗೆ ಒತ್ತಿಕೊಂಡು, ಏಟು ಒಂದೇ ಕಡೆ ಬೀಳದಂತೆ ಬೆನ್ನಗಲಕ್ಕೂ ಹರಡಿ ಬೀಳಬೇಕು. ಅಷ್ಟು ಕಲಿತವರಿಗೂ ಮೂಳೆ ಮುರಿಯುತ್ತದೆ. ಆದ್ದರಿಂದ ಮಕ್ಕಳೇ, ಮಂಚದ ಮೇಲೆ ಈ ಆಟ ಖಂಡಿತ ಬೇಡ.

ಈಗ ಸೀನಾನ ಕಥೆಗೆ ಬರೋಣ. ಜಾನ್ ಸೀನಾ ಹುಟ್ಟಿದ್ದು 1977ರ ಏಪ್ರಿಲ್ 23ರಂದು, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವೆಸ್ಟ್ ನ್ಯೂಬರಿ ಎಂಬ ಚಿಕ್ಕ ಊರಿನಲ್ಲಿ. ಐವರು ಅಣ್ಣತಮ್ಮಂದಿರಲ್ಲಿ ಎರಡನೆಯವನು. ಇಂದು ಆ ತೋಳು ನೋಡಿದವರು ನಂಬಲಿಕ್ಕಿಲ್ಲ, ಹುಡುಗನಾಗಿದ್ದಾಗ ಸಣಕಲ. ಶಾಲೆಯಲ್ಲಿ ದೊಡ್ಡ ಹುಡುಗರು ಹಿಡಿದು ಸತಾಯಿಸುತ್ತಿದ್ದರು. ಹನ್ನೆರಡನೇ ವಯಸ್ಸಿನಲ್ಲಿ ಅಪ್ಪನನ್ನು ಕೇಳಿ ಭಾರ ಎತ್ತುವ ಬೆಂಚು ತರಿಸಿಕೊಂಡ. ಅಲ್ಲಿಂದ ವ್ಯಾಯಾಮ ಬಿಡಲಿಲ್ಲ. ಸ್ಪ್ರಿಂಗ್‌ಫೀಲ್ಡ್ ಕಾಲೇಜಿನಲ್ಲಿ ಅಮೆರಿಕನ್ ಫುಟ್‌ಬಾಲ್ ಆಡುತ್ತಾ ದೇಹ ಮತ್ತು ವ್ಯಾಯಾಮದ ಶಾಸ್ತ್ರವನ್ನೇ ಓದಿ ಪದವಿ ಪಡೆದ.

ಪದವಿ ಸಿಕ್ಕಿದರೆ ಕೆಲಸ ಸಿಕ್ಕಿತೆಂದು ಅರ್ಥವಲ್ಲ. ದೂರದ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಒಂದು ಜಿಮ್ಮಿನಲ್ಲಿ ಸೇರಿಕೊಂಡ. ಅಲ್ಲಿ ಪಾಯಿಖಾನೆ ತೊಳೆಯುವುದು, ಟವೆಲ್ ಮಡಿಸುವುದು ಅವನ ಕೆಲಸ. ಬಾಡಿಗೆಗೆ ಹಣವಿಲ್ಲದೆ ಕಾರಿನಲ್ಲೇ ಮಲಗಿದ. ಇನ್ನೊಬ್ಬರ ಉದ್ದನೆಯ ಕಾರಿಗೆ ಡ್ರೈವರ್ ಆದ. ಗೆಳೆಯರು ಹೇಳಿದರೆಂದು ಕುಸ್ತಿ ಕಲಿಯಲು ಸೇರಿ, 2001ರಲ್ಲಿ ದೊಡ್ಡ ಕಂಪನಿಯ ಒಪ್ಪಂದ ಪಡೆದ.

ಟಿ.ವಿ.ಯಲ್ಲಿ ಅವನ ಮೊದಲ ದೊಡ್ಡ ಪಂದ್ಯ ನಡೆದದ್ದು 2002ರ ಜೂನ್ 27ರಂದು. ಎದುರಾಳಿ ಕರ್ಟ್ ಆ್ಯಂಗಲ್, 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ನಿಜವಾದ ಪೈಲ್ವಾನ. ಸೀನಾ ಸೋತ. ಮೊದಲ ಪಂದ್ಯವೇ ಸೋಲು, ಇದನ್ನು ನೆನಪಿಡಿ. ಮುಂದೆ 2005ರಲ್ಲಿ ಮೊದಲ ಬಾರಿ ವಿಶ್ವ ಚಾಂಪಿಯನ್ ಪಟ್ಟ ಕಟ್ಟಿಕೊಂಡ. ನಮ್ಮ ಹಿಮಾಚಲದ ದಲೀಪ್ ಸಿಂಗ್ ರಾಣಾ, ಅಂದರೆ ನೀವೆಲ್ಲ ಹೇಳುವ 'ಗ್ರೇಟ್ ಖಲಿ'ಯ ಜೊತೆಗೂ 2007ರಲ್ಲಿ ಸೆಣಸಿದ. ಅದೇ ವರ್ಷ ಅಕ್ಟೋಬರ್‌ನಲ್ಲಿ ಪಂದ್ಯದ ಮಧ್ಯೆ ಎದೆಯ ಸ್ನಾಯು ಮೂಳೆಯಿಂದ ಹರಿದು ಬಂತು. ಆ ನೋವಿನಲ್ಲೇ ಪಂದ್ಯ ಮುಗಿಸಿ, ಆಮೇಲೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ. ಆ ಗಾಯವನ್ನು ಯಾರೂ ಮೊದಲೇ ಬರೆದಿಟ್ಟಿರಲಿಲ್ಲ. ಏಳು ತಿಂಗಳಾದರೂ ಬೇಕು ಎಂದಿದ್ದರು, ನಾಲ್ಕು ತಿಂಗಳೊಳಗೆ ಮರಳಿ ಬಂದ.

ಒಂದು ತಮಾಷೆ ಕೇಳಿ. ಇಷ್ಟು ಹೆಸರು ಮಾಡಿದ ಮೇಲೂ ಅವನು ರಿಂಗಿಗೆ ಬಂದರೆ ಅರ್ಧ ಜನ ಜೈಕಾರ ಹಾಕುತ್ತಿದ್ದರು, ಅರ್ಧ ಜನ ಧಿಕ್ಕಾರ ಕೂಗುತ್ತಿದ್ದರು. ಧಿಕ್ಕಾರ ಕೂಗುತ್ತಿದ್ದವರು ಹೆಚ್ಚಾಗಿ ದೊಡ್ಡವರು. ಮಕ್ಕಳು ಮಾತ್ರ ಅವನನ್ನು ಬಿಟ್ಟುಕೊಡಲಿಲ್ಲ. 'ಎಂದಿಗೂ ಕೈಬಿಡಬೇಡ' ಎಂಬುದು ಅವನ ಟಿ-ಶರ್ಟ್ ಮೇಲೂ ಟವೆಲಿನ ಮೇಲೂ ಇದ್ದ ಮಾತು. ಆ ಮಾತನ್ನು ಆಸ್ಪತ್ರೆಯ ಮಂಚದ ಮೇಲೆ ಮಲಗಿದ್ದ ಮಕ್ಕಳು ಗಟ್ಟಿಯಾಗಿ ಹಿಡಿದುಕೊಂಡರು.

ಇಲ್ಲಿ ನಾವು ಸ್ವಲ್ಪ ಹಿಂದಕ್ಕೆ, 1980ಕ್ಕೆ ಹೋಗಬೇಕು. ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್‌ನಲ್ಲಿ ಕ್ರಿಸ್ ಗ್ರೀಷಸ್ ಎಂಬ ಏಳು ವರ್ಷದ ಹುಡುಗನಿದ್ದ. ಅವನಿಗೆ ರಕ್ತದ ಕ್ಯಾನ್ಸರ್. ದೊಡ್ಡವನಾದ ಮೇಲೆ ಪೊಲೀಸ್ ಆಗಬೇಕೆಂಬ ಆಸೆ. ಆದರೆ ದೊಡ್ಡವನಾಗುವಷ್ಟು ದಿನ ಅವನಿಗೆ ಉಳಿದಿರಲಿಲ್ಲ. ಇದು ಪೊಲೀಸರ ಕಿವಿಗೆ ಬಿತ್ತು. ಅವರು ಅವನನ್ನು ಹೆಲಿಕಾಪ್ಟರಿನಲ್ಲಿ ಸುತ್ತಾಡಿಸಿದರು. ಅವನ ಅಳತೆಗೆ ಸಮವಸ್ತ್ರ ಹೊಲಿಸಿದರು. ಬ್ಯಾಟರಿಯ ಪುಟ್ಟ ಮೋಟಾರ್‌ಸೈಕಲ್ ಓಡಿಸುವ ಪರೀಕ್ಷೆ ಕೊಟ್ಟು, ಪಾಸಾದ ಮೇಲೆ ಬ್ಯಾಡ್ಜ್ ಹಾಕಿ, ಪೊಲೀಸ್ ಎಂದೇ ಪ್ರಮಾಣವಚನ ಬೋಧಿಸಿದರು. ಕೆಲವೇ ದಿನಗಳಲ್ಲಿ, ಮೇ 3ರಂದು, ಕ್ರಿಸ್ ತೀರಿಕೊಂಡ. ಆದರೆ ಅವನು ಪೊಲೀಸ್ ಆಗಿಯೇ ಹೋದ.

ಇದನ್ನು ಕಣ್ಣಾರೆ ಕಂಡವರು ಸೇರಿ ಆ ವರ್ಷವೇ 'ಮೇಕ್-ಎ-ವಿಶ್' ಎಂಬ ಸಂಸ್ಥೆ ಕಟ್ಟಿದರು. ದೊಡ್ಡ ಕಾಯಿಲೆಯ ಮಕ್ಕಳ ಬಳಿ ಹೋಗಿ, 'ನಿನಗೇನು ಆಸೆ?' ಎಂದು ಕೇಳುವುದು ಅವರ ಕೆಲಸ. ಎಲ್ಲಿಗೋ ಹೋಗಬೇಕೆ, ಏನೋ ಆಗಬೇಕೆ, ಏನಾದರೂ ಬೇಕೆ, ಯಾರನ್ನಾದರೂ ನೋಡಬೇಕೆ? ವೈದ್ಯರು ಒಪ್ಪಿದರೆ ನಡೆಸಿಕೊಡುತ್ತಾರೆ. ಸಾಯುವ ಮಕ್ಕಳ ಕೊನೆಯಾಸೆ ಎಂದು ಹಲವರು ತಿಳಿದಿದ್ದಾರೆ, ನಾನೂ ಹಾಗೇ ತಿಳಿದಿದ್ದೆ. ಅದು ಸರಿಯಲ್ಲ. ಈ ಮಕ್ಕಳಲ್ಲಿ ಬಹಳ ಮಂದಿ ಗುಣವಾಗಿ, ದೊಡ್ಡವರಾಗಿ ಬದುಕುತ್ತಾರೆ. ಚಿಕಿತ್ಸೆಯ ದಿನಗಳನ್ನು ದಾಟಲು ಒಂದು ಆಸರೆ ಬೇಕಲ್ಲ, ಅದಕ್ಕಾಗಿ ಈ ಆಸೆ. ನಮ್ಮ ದೇಶದಲ್ಲೂ 1996ರಿಂದ ಇದರ ಶಾಖೆಯಿದೆ. ಮುಂಬಯಿ ಮುಖ್ಯ ಕಚೇರಿ, ಬೆಂಗಳೂರಿನಲ್ಲೂ ಕೆಲಸ ನಡೆಯುತ್ತದೆ.

'ಯಾರನ್ನು ನೋಡಬೇಕು?' ಎಂದು ಕೇಳಿದಾಗ ಮಕ್ಕಳು ಅತಿ ಹೆಚ್ಚು ಸಲ ಹೇಳಿದ ಹೆಸರು ಜಾನ್ ಸೀನಾ. 2002ರಲ್ಲಿ ಶುರುವಾದ ಭೇಟಿಗಳು 2012ಕ್ಕೆ 300 ಆದವು, 2015ಕ್ಕೆ 500 ಆದವು. 2022ರಲ್ಲಿ 650 ಎಂದು ಗಿನ್ನೆಸ್ ದಾಖಲೆಯವರು ಬರೆದುಕೊಂಡರು. ಆ ಸಂಸ್ಥೆಯಲ್ಲಿ ಇನ್ನೂರನ್ನು ದಾಟಿದವರು ಬೇರೆ ಯಾರೂ ಇರಲಿಲ್ಲ.

ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನ ಚಟ ಬಿಡುತ್ತದೆಯೇ? ಕಾಗದ ತೆಗೆದು ಲೆಕ್ಕ ಹಾಕಿದೆ. ನೀವೂ ಹಾಕಿ. 2002ರಿಂದ 2022ರವರೆಗೆ ಇಪ್ಪತ್ತು ವರ್ಷ, ಅಂದರೆ ಸುಮಾರು 7,300 ದಿನ. ಅದನ್ನು 650ರಿಂದ ಭಾಗಿಸಿದರೆ ಎಷ್ಟು? ಹನ್ನೊಂದು, ಮೇಲೆ ಸ್ವಲ್ಪ. ಅಂದರೆ ಇಪ್ಪತ್ತು ವರ್ಷಗಳ ಕಾಲ ಸರಾಸರಿ ಹನ್ನೊಂದು ದಿನಕ್ಕೊಮ್ಮೆ ಒಂದು ಕಾಯಿಲೆ ಮಗುವಿನ ಮುಂದೆ ಹೋಗಿ ನಗುತ್ತಾ ನಿಂತಿದ್ದಾನೆ. ಅದೂ ವಾರವಾರ ಊರು ಬದಲಿಸುತ್ತಾ, ಮೈಕೈ ನೋಯಿಸಿಕೊಳ್ಳುತ್ತಾ, ಸಿನಿಮಾಗಳಲ್ಲೂ ನಟಿಸುತ್ತಾ.

ಈ ಲೆಕ್ಕಕ್ಕೆ ಸೇರದ ಇನ್ನೊಂದು ಭೇಟಿಯನ್ನು ಹೇಳಲೇಬೇಕು. 2022ರಲ್ಲಿ ಉಕ್ರೇನಿನ ಮೇಲೆ ಯುದ್ಧ ಬಿತ್ತು. ಮರಿಯುಪೋಲ್ ಎಂಬ ಊರಿನಲ್ಲಿ ತಾಯಿಯೊಬ್ಬಳು ಮಗನನ್ನು ಕರೆದುಕೊಂಡು ಮನೆ ಬಿಡಬೇಕಾಯಿತು. ಹುಡುಗನಿಗೆ ಹತ್ತೊಂಬತ್ತು ವರ್ಷ. ಡೌನ್ ಸಿಂಡ್ರೋಮ್ ಇದ್ದುದರಿಂದ ಮನಸ್ಸು ಮಗುವಿನದು, ಮಾತು ಬಾರದು. ಬಾಂಬು, ಓಟ, ಗಡಿ ಇವೆಲ್ಲ ಅವನಿಗೆ ಅರ್ಥವಾಗುವುದು ಹೇಗೆ? ತಾಯಿ ಒಂದು ಉಪಾಯ ಮಾಡಿದಳು. 'ನಾವು ಜಾನ್ ಸೀನಾನನ್ನು ನೋಡಲು ಹೋಗುತ್ತಿದ್ದೇವೆ' ಎಂದಳು. ಹುಡುಗ ಹೆಜ್ಜೆ ಹಾಕಿದ. ಊಟಕ್ಕೆ ಹಟ ಮಾಡಿದ ನಿಮಗೆ ನಿಮ್ಮಮ್ಮ 'ಚಂದಮಾಮ ತೋರಿಸ್ತೀನಿ ಬಾ' ಎಂದಿರಲಿಲ್ಲವೇ, ಹಾಗೆ.

ಅಮ್ಮ-ಮಗ ಹೇಗೋ ನೆದರ್ಲೆಂಡ್ಸ್ ಸೇರಿದರು. ಪತ್ರಿಕೆಯಲ್ಲಿ ಅವರ ಕಥೆ ಬಂತು. ಅದನ್ನು ಸೀನಾ ಓದಿದ. ಅವನಿದ್ದ ಜಾಗದಿಂದ ಅಲ್ಲಿಗೆ ವಿಮಾನದಲ್ಲಿ ಒಂದು ಗಂಟೆಯ ದಾರಿ. ಕೆಲಸಕ್ಕೆ ರಜೆಯಿತ್ತು. ಹೋದ. ಆ ಮಧ್ಯಾಹ್ನವೆಲ್ಲ ಹುಡುಗನ ಜೊತೆ ಕೂತು ಆಟದ ಇಟ್ಟಿಗೆ ಜೋಡಿಸಿದ, ಕೇಕ್ ತಿಂದ. ತಾಯಿ ದಾರಿ ಸಾಗಿಸಲು ಹೇಳಿದ್ದ ಸುಳ್ಳನ್ನು ನಿಜ ಮಾಡಿ ಹೋದ.

ಇದನ್ನು ಓದಿದಾಗ ನನ್ನ ಕಣ್ಣು ಒದ್ದೆಯಾಯಿತು. ಆದರೂ ಒಳಗಿನ ಗುಮಾಸ್ತ ಕೇಳದೆ ಬಿಡಲಿಲ್ಲ: ಇದರಿಂದ ಲಾಭ ಯಾರಿಗೆ? ಕಂಪನಿಗೆ ಒಳ್ಳೆಯ ಹೆಸರು ಬರುತ್ತದೆ, ಭೇಟಿಗಳ ವಿಡಿಯೋ ಬರುತ್ತದೆ, ಟಿ-ಶರ್ಟ್ ಮಾರಾಟವಾಗುತ್ತದೆ. ಇದೂ ಒಂದು ಪ್ರಚಾರವೇ ಇರಬಹುದಲ್ಲ? ಈ ಸಂಶಯ ನಿಮ್ಮ ಮನೆಯ ಅಜ್ಜಂದಿರಿಗೂ ಬಂದಿರುತ್ತದೆ, ನನಗೆ ಗೊತ್ತು.

ಕಂಪನಿಗೆ ಲಾಭವಿಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಪ್ರಚಾರಕ್ಕೆ ಹತ್ತು ಭೇಟಿ ಸಾಕು, ಇಪ್ಪತ್ತು ಸಾಕು. ಆರುನೂರ ಐವತ್ತನೆಯ ಮಗುವಿನಿಂದ ಹೊಸದಾಗಿ ಯಾವ ಹೆಸರು ಬರಬೇಕು? ಮತ್ತೆ, ಹಣ ಕೊಡುವುದು ಒಂದು ಬಗೆಯ ದಾನ. ಚೆಕ್ ಬರೆದು ಕಳುಹಿಸಿದರೆ ಮುಗಿಯಿತು, ಮಗುವಿನ ಮುಖ ನೋಡಬೇಕಾಗಿಲ್ಲ. ಕೂದಲುದುರಿದ ತಲೆ, ಮೂಗಿಗೆ ಹಾಕಿದ ಕೊಳವೆ, ಹಿಂದೆ ನಿಂತ ಅಪ್ಪ-ಅಮ್ಮನ ಕಣ್ಣು ಇವುಗಳ ಎದುರು ಕೂತು ಮಾತಾಡುವುದು ಸುಲಭವಲ್ಲ. ಅದು ಎಷ್ಟು ಕಷ್ಟ ಎಂದು ನನಗೆ ಗೊತ್ತು. ಯಾಕೆಂದರೆ ಒಮ್ಮೆ ನನ್ನಿಂದ ಅದು ಆಗಲಿಲ್ಲ.

ನಾನು ಐದನೇ ತರಗತಿಯಲ್ಲಿದ್ದಾಗಿನ ಮಾತು. ನನ್ನ ಪಕ್ಕ ಕೂರುತ್ತಿದ್ದ ಗೆಳೆಯನಿಗೆ ಕೀಲುಗಳಲ್ಲಿ ಜ್ವರ ಬಂದು, ಅದು ಹೃದಯಕ್ಕೆ ಇಳಿದು, ಆಸ್ಪತ್ರೆ ಸೇರಿದ. ನನ್ನ ಹತ್ತಿರ ಬೆಂಕಿಪೊಟ್ಟಣದ ಚಿತ್ರಗಳ ದೊಡ್ಡ ಸಂಗ್ರಹವಿತ್ತು. ಅವನಿಗೆ ಅದರ ಮೇಲೆ ಬಹಳ ಆಸೆ. 'ಒಂದ್ಸಲ ತಂದು ತೋರಿಸಬೇಕಂತೆ, ಬರ್ತೀಯೇನಪ್ಪಾ?' ಎಂದು ಅವನ ತಾಯಿ ಬಂದು ಕೇಳಿದರು. 'ನಾಳೆ ಬರ್ತೀನಿ' ಎಂದೆ. ಆಸ್ಪತ್ರೆಯ ವಾಸನೆ ನೆನೆದರೆ ಭಯ. ಅಲ್ಲಿ ಹೋಗಿ ಏನು ಮಾತಾಡುವುದೆಂದು ಇನ್ನೂ ಭಯ. ನಾಳೆ, ನಾಳೆ ಎಂದು ಎರಡು ವಾರ ಕಳೆದವು. ಒಂದು ಬೆಳಿಗ್ಗೆ ಮೇಷ್ಟ್ರು ತರಗತಿಗೆ ಬಂದು ನಮ್ಮನ್ನೆಲ್ಲ ಎದ್ದು ನಿಲ್ಲಲು ಹೇಳಿದರು. ಶಾಲೆಗೆ ರಜೆ ಕೊಟ್ಟರು.

ಮುಂದೆ ಬ್ಯಾಂಕಿನಲ್ಲಿ ಕೆಲಸ ಮಾಡಿದಷ್ಟು ವರ್ಷವೂ ಸಂಜೆಯ ಲೆಕ್ಕ ತಾಳೆಯಾಗದೆ ನಾನು ಮನೆಗೆ ಹೋದವನಲ್ಲ. ಈ ಒಂದು ಲೆಕ್ಕ ಮಾತ್ರ ಅರವತ್ತು ವರ್ಷ ದಾಟಿದರೂ ತಾಳೆಯಾಗಿಲ್ಲ.

ಇದನ್ನೆಲ್ಲ ಮೊಮ್ಮಗನಿಗೆ ಹೇಳಿದೆ. "ನಾನು ತಪ್ಪು ಹೇಳಿದೆ ಕಣೋ. ಕುಸ್ತಿಯಲ್ಲಿ ಯಾರು ಗೆಲ್ಲಬೇಕು ಅಂತ ಬರೆದಿರಬಹುದು. ಆ 650 ಮಾತ್ರ ನಿಜ" ಎಂದೆ. ಅವನು ಖುಷಿಪಡುತ್ತಾನೆ ಎಂದುಕೊಂಡಿದ್ದೆ. ಅವನು ತಲೆ ತಗ್ಗಿಸಿ, "ತಾತ, ನಮ್ ಕ್ಲಾಸಲ್ಲಿ ಒಬ್ಬ ಎರಡು ತಿಂಗಳಿಂದ ಬಂದಿಲ್ಲ. ಕಿಡ್ನಿ ತೊಂದರೆಯಂತೆ. ನಾನು ಹೋಗೇ ಇಲ್ಲ" ಎಂದ. "ಯಾಕೋ?" ಎಂದೆ. "ಏನ್ ಮಾತಾಡೋದು ಅಂತ ಗೊತ್ತಾಗಲ್ಲ."

ಅರವತ್ತು ವರ್ಷ ಹಿಂದಿನ ನನ್ನದೇ ಮಾತು!

ಮರುದಿನವೇ ಫೋನ್ ಮಾಡಿ ಕೇಳಿಕೊಂಡು ಹೋದೆವು. ಮೊಮ್ಮಗ ಜೇಬಿನಲ್ಲಿ ಕುಸ್ತಿಪಟುಗಳ ಟ್ರಂಪ್ ಕಾರ್ಡ್ ಕಟ್ಟು ಇಟ್ಟುಕೊಂಡಿದ್ದ. ಮೊದಲ ಐದು ನಿಮಿಷ ಇಬ್ಬರೂ ಗೋಡೆ ನೋಡುತ್ತಾ ಕೂತರು. ಆಮೇಲೆ ಕಾರ್ಡ್ ಹಂಚಿದರು. ನಾನು ಹೊರಗೆ ಆ ಹುಡುಗನ ಅಜ್ಜಿ ಕೊಟ್ಟ ಕಾಫಿ ಕುಡಿಯುತ್ತಾ ಕೂತೆ. ಒಳಗಿನಿಂದ "ಮೋಸ, ಮೋಸ!" ಎಂದು ಜಗಳದ ಸದ್ದು ಕೇಳಿತು. ಆ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಇವನು ಹಿಂಗೆ ಕಿರುಚಿ ಎಷ್ಟು ದಿನ ಆಗಿತ್ತು!" ಎಂದರು.

ಹೊರಟಾಗ ಕಟ್ಟಿನಲ್ಲಿ ಒಂದು ಕಾರ್ಡ್ ಕಡಿಮೆಯಿತ್ತು. ಯಾವುದೆಂದು ನಾನು ಕೇಳಲಿಲ್ಲ.

ಸೀನಾನ ಕಥೆಯ ಕೊನೆ ಹೇಳುವುದು ಬಾಕಿಯಿದೆ. 2025ರ ಏಪ್ರಿಲ್‌ನಲ್ಲಿ ಲಾಸ್ ವೇಗಸ್‌ನಲ್ಲಿ ಗೆದ್ದು ಹದಿನೇಳನೆಯ ಬಾರಿ ವಿಶ್ವ ಚಾಂಪಿಯನ್ ಆದ. ಹದಿನಾರರ ಹಳೆಯ ದಾಖಲೆ ಮುರಿಯಿತು. ಅದೇ ವರ್ಷ ಡಿಸೆಂಬರ್ 13ರಂದು ವಾಷಿಂಗ್ಟನ್‌ನಲ್ಲಿ ಕೊನೆಯ ಪಂದ್ಯ ಆಡಿದ. ಎದುರಾಳಿ ಗುಂಥರ್ ಕತ್ತು ಬಿಗಿಹಿಡಿದಾಗ, 'ಎಂದಿಗೂ ಕೈಬಿಡಬೇಡ' ಎನ್ನುತ್ತಿದ್ದ ಸೀನಾ ಕೈ ಬಡಿದು ಸೋಲು ಒಪ್ಪಿಕೊಂಡ. ಮೊದಲ ಪಂದ್ಯದಲ್ಲೂ ಸೋಲು, ಕೊನೆಯ ಪಂದ್ಯದಲ್ಲೂ ಸೋಲು. ಮೊಮ್ಮಗ ಅವತ್ತು ಊಟ ಬಿಟ್ಟಿದ್ದನಂತೆ. ಈಗ ಕೇಳಿದರೆ, "ಪರವಾಗಿಲ್ಲ ತಾತ, ಅದು ಬರೆದಿಟ್ಟಿದ್ದು" ಎನ್ನುತ್ತಾನೆ.

ಮಕ್ಕಳೇ, ಈ ವಾರ ನಿಮಗೊಂದು ಕೆಲಸ. ನಿಮ್ಮ ತರಗತಿಯಲ್ಲೋ ಬೀದಿಯಲ್ಲೋ ಬಹಳ ದಿನದಿಂದ ಹೊರಗೆ ಬಾರದ ಗೆಳೆಯ, ಗೆಳತಿ ಇದ್ದರೆ ಹೋಗಿ ನೋಡಿ ಬನ್ನಿ. ಮೊದಲು ಫೋನ್ ಮಾಡಿ ಕೇಳಿ. ನಿಮಗೆ ನೆಗಡಿ, ಕೆಮ್ಮು ಇದ್ದರೆ ಹೋಗಬೇಡಿ. ಹೋದ ಕೂಡಲೇ ಕೈ ತೊಳೆಯಿರಿ. ಕಾಯಿಲೆಯ ವಿಷಯ ಕೆದಕಬೇಡಿ, ಶಾಲೆಯ ಸುದ್ದಿ ಹೇಳಿ, ಆಟವಾಡಿ, ಸ್ವಲ್ಪ ಜಗಳವನ್ನೂ ಆಡಿ. ಅರ್ಧ ಗಂಟೆ ಸಾಕು. ಅಜ್ಜ-ಅಜ್ಜಿಯರೇ, ಕರೆದುಕೊಂಡು ಹೋಗುವ ಕೆಲಸ ನಿಮ್ಮದು. ಹೊರಗೆ ಕೂತು ಕಾಫಿ ಕುಡಿಯಲು ನಿಮಗೂ ಒಬ್ಬರು ಸಿಗುತ್ತಾರೆ.

'ನಾಳೆ' ಎಂದು ಮಾತ್ರ ಹೇಳಬೇಡಿ. ಮುಂದಿನ ವಾರ ಜಗಲಿಯಲ್ಲಿ ಮತ್ತೆ ಸಿಗೋಣ.